ಇಂಗ್ಲಿಷ್ ಪದಕ್ಕೆ ಪ್ರಾಸ ಹುಡುಕೋದು ಹೇಗೆ: ಪರ್ಫೆಕ್ಟ್ ರೈಮ್, ನಿಯರ್ ರೈಮ್ ಎರಡಕ್ಕೂ ಹಂತ ಹಂತದ ಮಾರ್ಗದರ್ಶಿ

ಇಂಗ್ಲಿಷಲ್ಲಿ ಹಾಡೋ, ರ‍್ಯಾಪೋ, ಮಕ್ಕಳ ಪದ್ಯನೋ ಬರೆಯೋಕೆ ಕೂತವರು ಬಹಳ ಜನ ಒಂದೇ ಜಾಗದಲ್ಲಿ ಸಿಕ್ಕಾಕೊಳ್ತಾರೆ. ಸಾಲಿನ ಕೊನೇಲಿ ಒಂದು ಪದ ಇಟ್ಟಾಯ್ತು, ಅದಕ್ಕೆ ಜೋಡಿ ಬೇಕು, ತಕ್ಷಣ ನೆಟ್ಟಲ್ಲಿ ಒಂದು ಪಟ್ಟಿ ತೆಗೀತಾರೆ, ಮೊದಲು ಕಣ್ಣಿಗೆ ಬಿದ್ದ ಪದ ಎತ್ತಿ ಹಾಕ್ತಾರೆ, ಆಮೇಲೆ ಜೋರಾಗಿ ಓದಿ ನೋಡಿದ್ರೆ ಪ್ರಾಸ ಕೂತೇ ಇರಲ್ಲ. ಲವ್ ಜೊತೆ ಮೂವ್, ಬ್ಯೂಟಿ ಜೊತೆ ಸಿಟಿ, ಡೇಸ್ ಜೊತೆ ಕೇಸ್, ಹೀಗೆ ಅದದೇ ತಪ್ಪುಗಳನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಪದಸಂಪತ್ತು ಕಮ್ಮಿ ಇರೋದ್ರಿಂದ ಹೀಗಾಗುತ್ತೆ ಅಂತ ಅಂದ್ಕೊಬೇಡಿ, ಕೆಲಸದ ಕ್ರಮ ತಪ್ಪಿರೋದ್ರಿಂದ ಆಗುತ್ತೆ. ಪಟ್ಟಿ ನೋಡೋದು ನಾಲ್ಕನೇ ಕೆಲಸ, ಎಲ್ಲರೂ ಅದನ್ನೇ ಮೊದಲು ಮಾಡ್ತಾರೆ.

ಕೆಳಗಿನ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ. ಮೊದಲ ಎರಡು ಹಂತ ಬೋರ್ ಅನ್ಸುತ್ತೆ ಅಂತ ಹಾರಿಸಿದ್ರೆ ಮುಂದಿಂದೆಲ್ಲ ವೇಸ್ಟ್.

## ಶುರು ಮಾಡೋ ಮುಂಚೆ ಕೈಯಲ್ಲಿ ಏನಿರ್ಬೇಕು

ಒಂದು ಪೇಪರ್, ಪೆನ್. ಫೋನಲ್ಲೇ ಟೈಪ್ ಮಾಡ್ತೀನಿ ಅಂದ್ರೆ ಆಗುತ್ತೆ, ಆದ್ರೆ ಆಟೋಕರೆಕ್ಟ್ ಆಫ್ ಮಾಡ್ಕೊಳ್ಳಿ, ಯಾಕಂದ್ರೆ ನಾವು ಶಬ್ದ ಬರೆಯೋಕೆ ಹೋದಾಗೆಲ್ಲ ಅದು ಸ್ಪೆಲಿಂಗ್ ತಿದ್ದೋಕೆ ಬರುತ್ತೆ.

ಉಚ್ಚಾರಣೆಯ ಆಡಿಯೋ ಇರೋ ಒಂದು ಡಿಕ್ಷನರಿ ಬೇಕೇ ಬೇಕು. ಕೇಂಬ್ರಿಜ್, ಆಕ್ಸ್‌ಫರ್ಡ್, ಮೆರಿಯಮ್ ವೆಬ್‌ಸ್ಟರ್ ಯಾವುದಾದ್ರೂ ಸರಿ. ಕೇಂಬ್ರಿಜ್ ಡಿಕ್ಷನರಿಯಲ್ಲಿ ಬ್ರಿಟಿಷ್, ಅಮೆರಿಕನ್ ಎರಡೂ ಉಚ್ಚಾರಣೆ ಪಕ್ಕಪಕ್ಕದಲ್ಲೇ ಸಿಗುತ್ತೆ, ಈ ಕೆಲಸಕ್ಕೆ ಅದು ತುಂಬಾ ಅನುಕೂಲ.

ರೈಮ್‌ಝೋನ್ ತರದ ಒಂದು ಪ್ರಾಸದ ಟೂಲ್ ಇಟ್ಕೊಳ್ಳಿ, ಆದ್ರೆ ಈಗಲೇ ತೆರೀಬೇಡಿ. ಸ್ವಲ್ಪ ಟೆಕ್ನಿಕಲ್ ಆಗಿ ಹುಡುಕೋಕೆ ಬರುತ್ತೆ ಅನ್ನೋರು ಕಾರ್ನೆಗಿ ಮೆಲನ್ ಯೂನಿವರ್ಸಿಟಿಯ ಉಚ್ಚಾರಣಾ ನಿಘಂಟಿನ ಫೈಲ್ ಇಳಿಸ್ಕೊಳ್ಳಿ, ಫ್ರೀ. ಅದರಲ್ಲಿ 1,34,000ಕ್ಕೂ ಜಾಸ್ತಿ ಪದಗಳಿವೆ, ಪ್ರತಿ ಪದದ ಮುಂದೆ ಅದರ ಶಬ್ದಗಳನ್ನ 39 ಧ್ವನಿಗಳ ಸಂಕೇತದಲ್ಲಿ ಬರೆದಿರ್ತಾರೆ. ಇದರ ಬಳಕೆ ನಾಲ್ಕನೇ ಹಂತದಲ್ಲಿ ಹೇಳ್ತೀನಿ.

ಕೊನೇದಾಗಿ ವಾಯ್ಸ್ ರೆಕಾರ್ಡರ್. ಇದನ್ನ ಯಾರೂ ಬಳಸಲ್ಲ, ಆದ್ರೆ ಅರ್ಧ ತಪ್ಪು ಹಿಡಿಯೋದು ಇದೇ.

## ಹಂತ 1: ಪದವನ್ನ ಕೇಳಿ, ಕೇಳಿದ್ದನ್ನ ಕನ್ನಡ ಅಕ್ಷರದಲ್ಲಿ ಬರ್ಕೊಳ್ಳಿ

ಇಂಗ್ಲಿಷ್ ಸ್ಪೆಲಿಂಗ್ ಪ್ರಾಸದ ವಿಷಯದಲ್ಲಿ ನಂಬೋ ವಸ್ತು ಅಲ್ಲ. ಓ-ಎಂ-ಬಿ ಅಂತ ಮುಗಿಯೋ ಮೂರು ಪದ ತಗೊಳ್ಳಿ: ತಲೆ ಬಾಚೋದು ಕೋಮ್, ಸಮಾಧಿ ಟೂಮ್, ಸಿಡಿಯೋದು ಬಾಮ್. ಮೂರೂ ನೋಡೋಕೆ ಅಣ್ಣತಮ್ಮಂದಿರ ತರ ಇವೆ, ಕೇಳೋಕೆ ಒಂದಕ್ಕೊಂದು ಸಂಬಂಧನೇ ಇಲ್ಲ. ಕೋಮ್‌ಗೆ ಹೋಮ್ ಪ್ರಾಸ, ಟೂಮ್‌ಗೆ ರೂಮ್ ಪ್ರಾಸ. ಓ-ಯು-ಜಿ-ಎಚ್ ಅಂತೂ ದೋ, ಥ್ರೂ, ಕಾಫ್, ರಫ್, ಬೌ ಅಂತ ಐದು ಪದದಲ್ಲಿ ಐದು ತರ ಕೇಳ್ಸುತ್ತೆ.

ಅದಕ್ಕೇ ಮೊದಲು ಆಡಿಯೋ ಕೇಳಿ, ಎರಡು ಮೂರು ಸಲ. ಆಮೇಲೆ ಸ್ಪೆಲಿಂಗ್ ಮುಚ್ಚಿಟ್ಟು ಕನ್ನಡದಲ್ಲಿ ಬರೀರಿ. ನಮ್ಮ ಲಿಪಿ ಇಲ್ಲಿ ನಿಜಕ್ಕೂ ದೊಡ್ಡ ಸಹಾಯ, ಯಾಕಂದ್ರೆ ಹ್ರಸ್ವ ದೀರ್ಘ ಎರಡನ್ನೂ ಬರವಣಿಗೆಯಲ್ಲೇ ತೋರಿಸುತ್ತೆ. ಗುಡ್ ಮತ್ತು ಫೂಡ್ ಅಂತ ಬರೆದ ತಕ್ಷಣ ಅವೆರಡೂ ಜೋಡಿ ಅಲ್ಲ ಅಂತ ಗೊತ್ತಾಗುತ್ತೆ. ಬ್ಲಡ್ ಪಕ್ಕದಲ್ಲಿ ಬರೆದ್ರೆ ಮೂರೂ ಬೇರೆಬೇರೆ. ಇಂಗ್ಲಿಷಲ್ಲಿ ಬರೆದಿದ್ರೆ ಮೂರಕ್ಕೂ ಅದೇ ಓ-ಓ-ಡಿ.

ಆದ್ರೆ ಕನ್ನಡ ಲಿಪಿ ನಾಲ್ಕು ಕಡೆ ಮೋಸ ಮಾಡುತ್ತೆ, ಇದನ್ನ ಮನಸ್ಸಲ್ಲಿಟ್ಕೊಳ್ಳಿ.

ಒಂದನೇದು, ಸ್ ಮತ್ತು ಝ್. ಬೆಲೆ ಅನ್ನೋ ಪದನ್ನೂ ಬಹುಮಾನ ಅನ್ನೋ ಪದನ್ನೂ ನಾವು ಪ್ರೈಸ್ ಅಂತಾನೇ ಬರೀತೀವಿ, ಮಾತಾಡುವಾಗಲೂ ಹಾಗೇ ಅಂತೀವಿ. ಇಂಗ್ಲಿಷಲ್ಲಿ ಬೆಲೆ ಪ್ರೈಸ್, ಬಹುಮಾನ ಪ್ರೈಝ್. ಬೆಲೆಗೆ ನೈಸ್, ಟ್ವೈಸ್, ಅಡ್ವೈಸ್ ಪ್ರಾಸ. ಬಹುಮಾನಕ್ಕೆ ಐಝ್, ಸ್ಕೈಝ್, ರೈಝ್ ಪ್ರಾಸ. ಬಹುವಚನದ ಎಸ್ ಸ್ವರ ಆದ್ಮೇಲೆ ಬಂದ್ರೆ ಯಾವಾಗಲೂ ಝ್ ಆಗುತ್ತೆ, ಹಾಗಾಗಿ ದಿನಗಳು ಅನ್ನೋ ಪದ ಡೇಝ್, ಅದಕ್ಕೆ ಜೋಡಿ ಪ್ರೇಝ್, ಬ್ಲೇಝ್, ಫೇಝ್. ಕೇಸ್, ಫೇಸ್, ಪ್ಲೇಸ್ ಯಾವುದೂ ಅಲ್ಲ.

ಎರಡನೇದು, ವಿ ಮತ್ತು ಡಬ್ಲ್ಯೂ. ಎರಡಕ್ಕೂ ನಮಗೆ ಒಂದೇ ವ. ಪಶ್ಚಿಮ ಅನ್ನೋ ವೆಸ್ಟ್ ಬೇರೆ, ತೊಡೋ ವೆಸ್ಟ್ ಬೇರೆ, ಹಾಗಾಗಿ ಇವೆರಡೂ ಪರಸ್ಪರ ಸರಿಯಾದ ಪ್ರಾಸ, ನಮ್ಮ ಬಾಯಲ್ಲಿ ಮಾತ್ರ ಒಂದೇ ಪದ ತರ ಕೇಳ್ಸುತ್ತೆ.

ಮೂರನೇದು, ಟಿ-ಎಚ್. ಟ್ರೂತ್, ಟೂತ್, ಯೂತ್ ಮೂರರ ಕೊನೇಲಿ ಬರೋದು ಬರೀ ಉಸಿರು. ಸ್ಮೂದ್ ಕೊನೇಲಿ ಗಂಟಲು ನಡುಗುತ್ತೆ. ಟ್ರೂತ್ ಜೊತೆ ಸ್ಮೂದ್ ನಿಯರ್ ರೈಮ್ (ಹತ್ತಿರದ ಪ್ರಾಸ) ಅಷ್ಟೇ, ಪರ್ಫೆಕ್ಟ್ (ಪೂರ್ತಿ ಹೊಂದೋ ಪ್ರಾಸ) ಅಲ್ಲ.

ನಾಲ್ಕನೇದು ನಮ್ಮ ನಾಲಿಗೆ ಅಭ್ಯಾಸ. ಬಸ್ಸು, ಕಾರು, ಬೋರ್ಡು ಅಂತ ಕೊನೇಲಿ ಉಕಾರ ಸೇರಿಸಿ ಮಾತಾಡಿ ಮಾತಾಡಿ ಎಲ್ಲಾ ಪದನೂ ಒಂದೇ ತರ ಮುಗಿಯೋ ಹಾಗೆ ಅನ್ಸುತ್ತೆ. ಪ್ರಾಸ ನೋಡುವಾಗ ಆ ಉಕಾರ ಕಿತ್ತಾಕಿ, ಅರ್ಧಾಕ್ಷರದಲ್ಲೇ ನಿಲ್ಲಿಸಿ.

ಇದೇ ಹಂತದಲ್ಲಿ ಇನ್ನೊಂದು ತೀರ್ಮಾನ ಮಾಡ್ಬೇಕು: ಯಾವ ಆಕ್ಸೆಂಟು? ಅಗೇನ್ ಅಂದ್ರೆ ರೇನ್ ಜೊತೆ ಹೋಗುತ್ತೆ, ಅಗೆನ್ ಅಂದ್ರೆ ಟೆನ್ ಜೊತೆ ಹೋಗುತ್ತೆ, ಎರಡೂ ಸರಿಯಾದ ಉಚ್ಚಾರಣೆನೇ. ಸ್ನಾನ ಅನ್ನೋ ಪದ ಅಮೆರಿಕದಲ್ಲಿ ಬ್ಯಾಥ್, ಮ್ಯಾಥ್ ಜೊತೆ ಸಲೀಸಾಗಿ ಕೂರುತ್ತೆ, ದಕ್ಷಿಣ ಇಂಗ್ಲೆಂಡಲ್ಲಿ ಬಾಥ್, ಕೂರಲ್ಲ. ಹೊಳೆಯಿತು ಅನ್ನೋ ಪದ ಅಮೆರಿಕದಲ್ಲಿ ಶೋನ್, ಬ್ರಿಟನ್ನಲ್ಲಿ ಶಾನ್. ಇಂಗ್ಲಿಷಿನ ಕೊನೆ ಅಕ್ಷರ ಅಮೆರಿಕದಲ್ಲಿ ಝೀ, ಬ್ರಿಟನ್ನಲ್ಲಿ ಝೆಡ್. ಯಾವುದಾದ್ರೂ ಒಂದು ಆರಿಸ್ಕೊಂಡು ಇಡೀ ಪದ್ಯಕ್ಕೆ ಅದನ್ನೇ ಇಟ್ಕೊಳ್ಳಿ, ಒಂದು ಸಾಲು ಅಮೆರಿಕನ್ ಇನ್ನೊಂದು ಸಾಲು ಬ್ರಿಟಿಷ್ ಆದ್ರೆ ಕೇಳೋರಿಗೆ ಪ್ರಾಸ ತಪ್ಪಿದ ಹಾಗೇ ಅನ್ಸೋದು.

## ಹಂತ 2: ಒತ್ತು ಎಲ್ಲಿದೆ ನೋಡಿ, ಬಾಲ ಕತ್ತರಿಸಿ

ಇಡೀ ಕೆಲಸದ ಕೀಲಿ ಇರೋದು ಇಲ್ಲೇ. ಇಂಗ್ಲಿಷ್ ಪ್ರಾಸ ಶುರುವಾಗೋದು ಪದದ ಕೊನೇ ಅಕ್ಷರದಿಂದ ಅಲ್ಲ, ಒತ್ತು ಬೀಳೋ, ಅಂದ್ರೆ ಜೋರಾಗಿ ಹೇಳೋ, ಕೊನೇ ಸ್ವರದಿಂದ. ಆ ಸ್ವರದಿಂದ ಹಿಡಿದು ಪದದ ತುದಿ ತನಕ ಇರೋ ಎಲ್ಲಾ ಶಬ್ದನೂ ಸೇರಿಸಿ ನಾನು ಬಾಲ ಅಂತ ಕರೀತೀನಿ. ಪರ್ಫೆಕ್ಟ್ ರೈಮ್ ಅಂದ್ರೆ ಎರಡು ಪದದ ಬಾಲ ಪೂರ್ತಿ ಒಂದೇ ಇರ್ಬೇಕು, ಬಾಲಕ್ಕಿಂತ ಮೊದಲು ಬರೋ ವ್ಯಂಜನ (ಅಥವಾ ಒತ್ತಕ್ಷರ) ಬೇರೆ ಇರ್ಬೇಕು. ಎರಡೂ ಷರತ್ತು ಮುಖ್ಯ.

ಕನ್ನಡದಲ್ಲಿ ಒತ್ತು ಇಷ್ಟು ಕೆಲಸ ಮಾಡಲ್ಲ, ಅದಕ್ಕೇ ನಮ್ಮ ಕಿವಿ ಸೀದಾ ಕೊನೇ ಅಕ್ಷರಕ್ಕೆ ಹೋಗುತ್ತೆ. ಬ್ಯೂಟಿ, ಸಿಟಿ ಎರಡರಲ್ಲೂ ಟಿ ಇದೆಯಲ್ಲ, ಸಾಕು ಅನ್ಸುತ್ತೆ. ಆದ್ರೆ ಬ್ಯೂಟಿಯ ಒತ್ತು ಬ್ಯೂ ಮೇಲೆ, ಬಾಲ ಊಟಿ, ಜೋಡಿ ಡ್ಯೂಟಿ. ಸಿಟಿಯ ಒತ್ತು ಸಿ ಮೇಲೆ, ಬಾಲ ಇಟಿ, ಜೋಡಿ ಪಿಟಿ, ವಿಟಿ, ಆಮೇಲೆ ಪ್ರಿಟಿ. ಹೌದು, ಮುದ್ದಾದ ಅನ್ನೋ ಅರ್ಥದ ಆ ಪದದ ಉಚ್ಚಾರಣೆ ಪ್ರಿಟಿ, ನಾವು ಬರೆಯೋ ಪ್ರೆಟ್ಟಿ ಅಲ್ಲ, ಆಡಿಯೋ ಕೇಳದೆ ಇದ್ರೆ ಇಂಥ ಒಳ್ಳೇ ಜೋಡಿಗಳು ಕೈ ತಪ್ಪಿ ಹೋಗುತ್ತೆ.

ಒತ್ತು ಕಂಡುಹಿಡಿಯೋದು ಹೇಗೆ? ಡಿಕ್ಷನರಿಯಲ್ಲಿ ಉಚ್ಚಾರಣೆ ಬರೆದ ಕಡೆ ಒಂದು ಸಣ್ಣ ನೆಟ್ಟಗಿನ ಗೀಟು ಮೇಲ್ಗಡೆ ಇರುತ್ತೆ, ಆ ಗೀಟು ಆದ್ಮೇಲೆ ಬರೋ ಸಿಲಬಲ್ಲಿಗೆ (ಒಂದು ಸ್ವರ ಇರೋ ಪದದ ತುಣುಕಿಗೆ) ಮುಖ್ಯ ಒತ್ತು. ಗೀಟು ಕೆಳಗಡೆ ಇದ್ರೆ ಅದು ಎರಡನೇ ದರ್ಜೆ ಒತ್ತು. ಡಿಕ್ಷನರಿ ಹತ್ತಿರ ಇಲ್ಲ ಅಂದ್ರೆ ಪದವನ್ನ ದೂರದಲ್ಲಿರೋರನ್ನ ಕೂಗೋ ತರ ಕೂಗಿ ನೋಡಿ, ತಾನಾಗೇ ಎಳೆದು ಕೂಗೋ ಜಾಗದಲ್ಲೇ ಸಾಮಾನ್ಯವಾಗಿ ಒತ್ತು ಇರುತ್ತೆ.

ಒಂದೇ ಸ್ಪೆಲಿಂಗಿನ ಪದ ನಾಮಪದ ಆದಾಗ ಒಂದು ಕಡೆ, ಕ್ರಿಯಾಪದ ಆದಾಗ ಇನ್ನೊಂದು ಕಡೆ ಒತ್ತು ತಗೊಳ್ಳೋದು ಇದೆ. ಉಡುಗೊರೆ ಅನ್ನೋ ಪ್ರೆಝಂಟ್‌ಗೆ ಮೊದಲ ಸಿಲಬಲ್ ಮೇಲೆ ಒತ್ತು, ಜೋಡಿ ಪ್ಲೆಝಂಟ್. ಅದೇ ಸ್ಪೆಲಿಂಗ್ ಪ್ರಸ್ತುತಪಡಿಸು ಅಂತಾದಾಗ ಪ್ರಿಝೆಂಟ್, ಒತ್ತು ಕೊನೇಲಿ, ಜೋಡಿ ವೆಂಟ್, ಸೆಂಟ್, ಇವೆಂಟ್. ಟೂಲಿಗೆ ನಿಮ್ಮ ಸಾಲಲ್ಲಿ ಯಾವುದಿದೆ ಅಂತ ಗೊತ್ತಾಗಲ್ಲ, ನೀವೇ ನೋಡ್ಬೇಕು. ಲೀಡ್ ಮತ್ತು ಲೆಡ್, ವಿಂಡ್ ಮತ್ತು ವೈಂಡ್, ಕಣ್ಣೀರಿನ ಟಿಯರ್ ಮತ್ತು ಬಟ್ಟೆ ಹರಿಯೋ ಟೇರ್, ಇವುಗಳಲ್ಲೂ ಸ್ಪೆಲಿಂಗ್ ಒಂದೇ, ಶಬ್ದ ಬೇರೆ.

ಬಾಲ ಸಿಕ್ಕಿದ ಮೇಲೆ ಪೇಪರ್ ಮಧ್ಯದಲ್ಲಿ ದೊಡ್ಡದಾಗಿ ಬರೆದು ಸುತ್ತ ಒಂದು ಗೆರೆ ಹಾಕಿ.

## ಹಂತ 3: ಬಾಲದ ಮುಂದೆ ಒಂದೊಂದೇ ವ್ಯಂಜನ ಇಟ್ಟು ನೋಡಿ

ಕಲ್ಲು ಅನ್ನೋ ಅರ್ಥದ ಸ್ಟೋನ್ ತಗೊಳ್ಳೋಣ. ಒಂದೇ ಸಿಲಬಲ್, ಬಾಲ ಓನ್. ಈಗ ಆ ಓನ್ ಮುಂದೆ ಇಂಗ್ಲಿಷಿನ ವ್ಯಂಜನ ಧ್ವನಿಗಳನ್ನ ಒಂದೊಂದಾಗಿ ಇಡ್ತಾ ಹೋಗ್ಬೇಕು. ಇಂಗ್ಲಿಷಲ್ಲಿ ವ್ಯಂಜನ ಧ್ವನಿ 24, ಅದರಲ್ಲಿ ಸಿಂಗ್ ಕೊನೇಲಿ ಬರೋ ಙ್ ಪದದ ಶುರುವಲ್ಲಿ ಬರೋದೇ ಇಲ್ಲ, ಹಾಗಾಗಿ ಕೆಲಸ ಅಂದ್ಕೊಂಡಷ್ಟು ದೊಡ್ಡದಲ್ಲ. ಮೊದಲು ಏನೂ ಇಡದೆ: ಓನ್, ಸ್ವಂತ. ಆಮೇಲೆ ಬೋನ್, ಕೋನ್, ಫೋನ್, ಹೋನ್ ಅಂದ್ರೆ ಹರಿತ ಮಾಡು, ಲೋನ್, ಮೋನ್ ಅಂದ್ರೆ ನರಳು, ನೋನ್ ಅಂದ್ರೆ ಗೊತ್ತಿರೋ, ಸೋನ್ ಅಂದ್ರೆ ಬಿತ್ತಿದ, ಅದೇ ಉಚ್ಚಾರಣೆಯಲ್ಲಿ ಹೊಲಿದ, ಶೋನ್ ಅಂದ್ರೆ ತೋರಿಸಿದ, ಟೋನ್, ಝೋನ್.

ಇಷ್ಟಕ್ಕೇ ನಿಲ್ಲಿಸಬೇಡಿ, ಬಹಳ ಜನ ಇಲ್ಲೇ ನಿಲ್ಲಿಸ್ತಾರೆ. ಒತ್ತಕ್ಷರಗಳ ಸರದಿ ಇನ್ನೂ ಬಾಕಿ ಇದೆ: ಬ್ಲ, ಬ್ರ, ಕ್ಲ, ಕ್ರ, ಡ್ರ, ಫ್ಲ, ಫ್ರ, ಗ್ಲ, ಗ್ರ, ಪ್ಲ, ಪ್ರ, ಟ್ರ, ಥ್ರ, ಸ್ಕ, ಸ್ಲ, ಸ್ಮ, ಸ್ನ, ಸ್ಪ, ಸ್ಟ, ಸ್ವ, ಸ್ಕ್ರ, ಸ್ಪ್ರ, ಸ್ಟ್ರ. ಇವನ್ನ ಓನ್ ಮುಂದೆ ಇಟ್ಟಾಗ ಬ್ಲೋನ್ ಅಂದ್ರೆ ಬೀಸಿಹೋದ, ಕ್ಲೋನ್, ಕ್ರೋನ್ ಅಂದ್ರೆ ಮುದುಕಿ, ಡ್ರೋನ್, ಫ್ಲೋನ್ ಅಂದ್ರೆ ಹಾರಿಹೋದ, ಗ್ರೋನ್ ಅಂದ್ರೆ ಬೆಳೆದ, ಅದೇ ಉಚ್ಚಾರಣೆಯಲ್ಲಿ ನರಳಾಟ, ಪ್ರೋನ್, ಥ್ರೋನ್ ಅಂದ್ರೆ ಸಿಂಹಾಸನ, ಅದೇ ಉಚ್ಚಾರಣೆಯಲ್ಲಿ ಎಸೆದ. ಪದ್ಯಕ್ಕೆ ಕೆಲಸಕ್ಕೆ ಬರೋ ಪದಗಳು ಬಹುಪಾಲು ಈ ಎರಡನೇ ಗುಂಪಲ್ಲೇ ಸಿಗೋದು.

ಗಮನಿಸಿ, ಇವುಗಳ ಸ್ಪೆಲಿಂಗ್ ಓ-ಎನ್-ಇ, ಓ-ಡಬ್ಲ್ಯೂ-ಎನ್, ಓ-ಎ-ಎನ್, ಇ-ಡಬ್ಲ್ಯೂ-ಎನ್ ಅಂತ ನಾಲ್ಕು ತರ ಇದೆ. ಸ್ಪೆಲಿಂಗ್ ನೋಡಿ ಹುಡುಕಿದವರಿಗೆ ಓ-ಎನ್-ಇ ಇರೋದು ಮಾತ್ರ ಸಿಗುತ್ತೆ, ಅದರ ಜೊತೆ ಡನ್, ಗಾನ್, ವನ್ ಅನ್ನೋ ಸುಳ್ಳು ಜೋಡಿಗಳೂ ಬರುತ್ತೆ. ಓ-ಡಬ್ಲ್ಯೂ-ಎನ್ ಹಿಂದೆ ಹೋದ್ರೆ ಟೌನ್, ಡೌನ್, ಕ್ರೌನ್ ಬಂದು ತೊಂದರೆ ಕೊಡುತ್ತೆ.

ಏಕ ಸಿಲಬಲ್ ಮುಗಿದ ಮೇಲೆ ದೊಡ್ಡ ಪದ. ಅಲೋನ್, ಅನ್‌ನೋನ್, ಪೋಸ್ಟ್‌ಪೋನ್, ಕಂಡೋನ್, ಸುಗಂಧದ ಕಲೋನ್, ಎಲ್ಲದರಲ್ಲೂ ಮುಖ್ಯ ಒತ್ತು ಕೊನೇಲೇ ಬೀಳುತ್ತೆ, ಹಾಗಾಗಿ ಗಟ್ಟಿ ಪ್ರಾಸ. ಟೆಲಿಫೋನ್, ಮೈಕ್ರೋಫೋನ್, ಸೈಕ್ಲೋನ್ ಇವುಗಳ ಮುಖ್ಯ ಒತ್ತು ಮುಂದಿದೆ, ಕೊನೇಲಿರೋದು ಎರಡನೇ ದರ್ಜೆ ಒತ್ತು. ಬಳಸ್ಬಹುದು, ಹಾಡುಗಳಲ್ಲಿ ಎಲ್ಲರೂ ಬಳಸ್ತಾರೆ, ಆದ್ರೆ ಪಟ್ಟಿಯಲ್ಲಿ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಕೊಳ್ಳಿ, ಸ್ವಲ್ಪ ಮೆತ್ತಗೆ ಕೇಳ್ಸುತ್ತೆ ಅಂತ.

ಬಾಲ ಉದ್ದ ಇದ್ರೂ ಕೆಲಸ ಇದೇ, ಜೋಡಿಗಳು ಕಮ್ಮಿ ಆಗ್ತವೆ ಅಷ್ಟೇ. ವ್ಯಾನಿಟಿಯ ಬಾಲ ಆ್ಯನಿಟಿ, ಮೂರು ಸಿಲಬಲ್, ಅದಕ್ಕೆ ಸ್ಯಾನಿಟಿ, ಹ್ಯುಮ್ಯಾನಿಟಿ, ಪ್ರೊಫ್ಯಾನಿಟಿ. ಕ್ಯೂರಿಯಸ್‌ಗೆ ಫ್ಯೂರಿಯಸ್. ಉದ್ದ ಬಾಲದ ಪ್ರಾಸ ತಮಾಷೆ ಪದ್ಯಕ್ಕೆ ಚೆನ್ನಾಗಿ ಒಗ್ಗುತ್ತೆ, ದುಃಖದ ಸಾಲಲ್ಲಿ ಹಾಕಿದ್ರೆ ಹಗುರ ಆಗ್ಬಿಡುತ್ತೆ, ಇದು ನನ್ನ ಅನುಭವ.

## ಹಂತ 4: ಈಗ ಟೂಲ್ ತೆರೀರಿ

ನಿಮ್ಮದೇ ಪಟ್ಟಿ ಕೈಯಲ್ಲಿದೆ, ಈಗ ಬಿಟ್ಟುಹೋದದ್ದನ್ನ ಹಿಡಿಯೋಕೆ ಟೂಲ್ ಬಳಸಿ. ರೈಮ್‌ಝೋನ್ ಫಲಿತಾಂಶನ ಸಿಲಬಲ್ ಲೆಕ್ಕದಲ್ಲಿ ಗುಂಪು ಮಾಡಿ ತೋರಿಸುತ್ತೆ, ನಿಮ್ಮ ಸಾಲಿಗೆ ಎಷ್ಟು ಸಿಲಬಲ್ ಜಾಗ ಇದೆ ನೋಡಿ ಆ ಗುಂಪಿಗೇ ಸೀದಾ ಹೋಗಿ. ನಿಯರ್ ರೈಮ್‌ಗೆ ಬೇರೆ ಆಯ್ಕೆ ಇದೆ, ಅದನ್ನ ಆರನೇ ಹಂತದ ತನಕ ಮುಟ್ಬೇಡಿ.

ಕಾರ್ನೆಗಿ ಮೆಲನ್ ಫೈಲ್ ಬಳಸೋರಿಗೆ: ಪ್ರತಿ ಸ್ವರದ ಸಂಕೇತದ ಕೊನೇಲಿ ಒಂದು ಅಂಕಿ ಇರುತ್ತೆ. 1 ಅಂದ್ರೆ ಮುಖ್ಯ ಒತ್ತು, 2 ಅಂದ್ರೆ ಎರಡನೇ ದರ್ಜೆ, 0 ಅಂದ್ರೆ ಒತ್ತಿಲ್ಲ. ಸ್ಟೋನ್‌ನ ಬಾಲ ಅಲ್ಲಿ ಓಡಬ್ಲ್ಯೂ1 ಎನ್ ಅಂತಿರುತ್ತೆ. ಸಾಲಿನ ಕೊನೇಲಿ ಇದೇ ಬರೋ ಪದಗಳನ್ನ ಹುಡುಕಿದ್ರೆ ಗಟ್ಟಿ ಪ್ರಾಸ ಎಲ್ಲಾ ಒಂದೇ ಏಟಿಗೆ ಬರುತ್ತೆ. 1 ಮಾತ್ರ ಹುಡುಕಿದ್ರೆ ಟೆಲಿಫೋನ್ ತಪ್ಪಿಹೋಗುತ್ತೆ, ಅದರ ಬಾಲದಲ್ಲಿ 2 ಇದೆ, ಹಾಗಾಗಿ 2 ಹಾಕಿ ಇನ್ನೊಂದು ಸಲ ಹುಡುಕಿ. ಆ ನಿಘಂಟಲ್ಲಿ ಅಡ್ಡಹೆಸರುಗಳು ರಾಶಿ ಇವೆ, ಗುರುತೇ ಸಿಗದ ಪದ ಬಂದ್ರೆ ಬಹುಶಃ ಯಾರದೋ ಹೆಸರು, ಬಿಟ್ಟಾಕಿ. ಮತ್ತೆ ಅದು ಅಮೆರಿಕನ್ ಉಚ್ಚಾರಣೆ ಮಾತ್ರ. ಬ್ರಿಟಿಷ್ ಆರಿಸ್ಕೊಂಡಿದ್ರೆ ಬಂದ ಪ್ರತಿ ಪದನ್ನೂ ಆಡಿಯೋದಲ್ಲಿ ಕೇಳಿ ನೋಡ್ಬೇಕು.

## ಹಂತ 5: ಪಟ್ಟಿ ಸೋಸಿ

ಟೂಲ್ ಕೊಟ್ಟಿದ್ದೆಲ್ಲ ಪ್ರಾಸ ಅಂತ ನಂಬ್ಬೇಡಿ. ಮೂರು ತರದ ಕಸ ತೆಗೀಬೇಕು.

ಮೊದಲನೇದು, ಅದೇ ಪದ ವೇಷ ಹಾಕ್ಕೊಂಡು ಬಂದಿರೋದು. ಸ್ಟೋನ್‌ಗೆ ಮೈಲ್‌ಸ್ಟೋನ್, ಟೈಮ್‌ಗೆ ಲೈಫ್‌ಟೈಮ್. ಇದಕ್ಕಿಂತ ಕಳ್ಳತನದ್ದು ಮೋಷನ್ ತರದವು. ಮೋಷನ್‌ಗೆ ಇಮೋಷನ್, ಪ್ರೊಮೋಷನ್, ಕಮೋಷನ್, ಲೋಕೋಮೋಷನ್ ಅಂತ ಉದ್ದ ಪಟ್ಟಿ ಸಿಗುತ್ತೆ, ನೋಡಿ ಖುಷಿ ಆಗುತ್ತೆ, ಆದ್ರೆ ಎಲ್ಲದರಲ್ಲೂ ಒತ್ತಿನ ಸಿಲಬಲ್ ಮೋ ಅಂತಾನೇ ಇದೆ. ಬಾಲದ ಮುಂದಿನ ವ್ಯಂಜನ ಬೇರೆ ಇರ್ಬೇಕು ಅನ್ನೋ ಎರಡನೇ ಷರತ್ತು ಇಲ್ಲಿ ಮುರಿದುಬಿತ್ತು. ನಿಜವಾದ ಜೋಡಿ ಓಷನ್, ನೋಷನ್, ಪೋಷನ್, ಲೋಷನ್, ಡಿವೋಷನ್. ಸಮಯ ಅನ್ನೋ ಟೈಮ್‌ಗೆ ಟಿ-ಎಚ್ ಹಾಕಿ ಬರೆಯೋ ಗಿಡಮೂಲಿಕೆ ಟೈಮ್ ಕೂಡ ಹೀಗೇ, ಸ್ಪೆಲಿಂಗ್ ಬೇರೆ ಶಬ್ದ ಒಂದೇ, ಕೇಳೋರಿಗೆ ಒಂದೇ ಪದ ಎರಡು ಸಲ ಹೇಳಿದ ಹಾಗೆ.

ಎರಡನೇದು, ಕಣ್ಣಿನ ಪ್ರಾಸ. ಲವ್ ಮತ್ತು ಮೂವ್, ವಾರ್ಮ್ ಮತ್ತು ಹಾರ್ಮ್, ವರ್ಡ್ ಮತ್ತು ಸೋರ್ಡ್. ಮಾತು ಅನ್ನೋ ವರ್ಡ್‌ಗೆ ಬರ್ಡ್, ಹರ್ಡ್, ಥರ್ಡ್ ಜೋಡಿ. ಖಡ್ಗಕ್ಕೆ ಲಾರ್ಡ್, ಬೋರ್ಡ್. ಪೇಪರ್ ಮೇಲೆ ಚೆನ್ನಾಗಿ ಕಾಣ್ತು ಅಂತ ಇಟ್ಕೊಂಡ್ರೆ ಹಾಡುವಾಗ ಗೊತ್ತಾಗುತ್ತೆ.

ಮೂರನೇದು, ಒತ್ತಿಲ್ಲದ ಕೊನೆ ಮಾತ್ರ ಹೊಂದೋದು. ಸಿಂಗಿಂಗ್ ಮತ್ತು ವಾಕಿಂಗ್ ಎರಡರಲ್ಲೂ ಇಂಗ್ ಇದೆ ಅಂತ ಜೋಡಿಸೋದು ನಾನು ಅತಿ ಹೆಚ್ಚು ನೋಡಿರೋ ತಪ್ಪು. ಸಿಂಗಿಂಗ್‌ಗೆ ಬ್ರಿಂಗಿಂಗ್, ವಾಕಿಂಗ್‌ಗೆ ಟಾಕಿಂಗ್. ಬಾಲ ಇಂಗ್ ಅಲ್ಲ, ಅದರ ಹಿಂದಿನ ಒತ್ತಿನ ಸ್ವರದಿಂದ ಶುರು.

ಇ-ಡಿ ಪ್ರತ್ಯಯಗಳು ಮಾತ್ರ ಸೋಸುವಾಗ ಕಸದ ಜೊತೆ ಹೋಗದ ಹಾಗೆ ನೋಡ್ಕೊಳ್ಳಿ, ಅಲ್ಲಿ ಚಿನ್ನ ಇದೆ. ಪಾಸ್ಡ್ ಅಂತ ಬರೀತೀವಿ, ಉಚ್ಚಾರಣೆ ಪಾಸ್ಟ್, ಹಾಗಾಗಿ ಫಾಸ್ಟ್, ಲಾಸ್ಟ್ ಜೊತೆ ಪರ್ಫೆಕ್ಟ್. ಮಿಸ್ಡ್ ಅನ್ನೋದು ಮಿಸ್ಟ್, ಲಿಸ್ಟ್ ಜೊತೆ ಹೋಗುತ್ತೆ.

## ಹಂತ 6: ಸಿಗದಿದ್ರೆ ನಿಯರ್ ರೈಮ್, ಆದ್ರೆ ಕ್ರಮದಲ್ಲಿ

ನಿಯರ್ ರೈಮ್ ಅಂದ್ರೆ ಹೆಂಗೋ ಹತ್ತಿರ ಇದ್ರೆ ಸಾಕು ಅಂತಲ್ಲ. ಹತ್ತಿರ ಅನ್ನೋದಕ್ಕೂ ಅಳತೆ ಇದೆ, ಮತ್ತೆ ಆ ಅಳತೆ ನಮಗೆ ಒಂದನೇ ಕ್ಲಾಸಿಂದ ಗೊತ್ತು: ವರ್ಗೀಯ ವ್ಯಂಜನಗಳ ಕೋಷ್ಟಕ.

ಕ ಖ ಗ ಘ ಙ, ಚ ಛ ಜ ಝ ಞ ಅಂತ ಐದು ಸಾಲು ಬರೀರಿ, ಒಂದರ ಕೆಳಗೆ ಒಂದು. ಈಗ ಅಡ್ಡ ಓದ್ಬೇಡಿ, ಮೇಲಿಂದ ಕೆಳಗೆ ಓದಿ. ಮೊದಲ ಕಂಬದಲ್ಲಿ ಕ, ಟ, ಪ. ಮೂರನೇ ಕಂಬದಲ್ಲಿ ಗ, ಡ, ಬ. ಐದನೇ ಕಂಬದಲ್ಲಿ ಙ, ನ, ಮ. ಸ್ವರ ಹಾಗೇ ಇಟ್ಟು ಕೊನೇ ವ್ಯಂಜನನ ಅದೇ ಕಂಬದೊಳಗೆ ಬದಲಾಯಿಸಿದ್ರೆ ಬರೋದು ಅತಿ ಹತ್ತಿರದ ನಿಯರ್ ರೈಮ್. ಲೇಕ್, ಲೇಟ್, ಶೇಪ್ ಒಂದು ಕಂಬ. ಬ್ಯಾಗ್, ಸ್ಯಾಡ್, ಕ್ಯಾಬ್ ಇನ್ನೊಂದು. ಸೂರ್ಯನ ಸನ್, ಸ್ವಲ್ಪ ಅನ್ನೋ ಸಮ್, ಹಾಡಿದ ಅನ್ನೋ ಸಂಗ್ ಮತ್ತೊಂದು. ಈಗ ಸ್ಟೋನ್‌ಗೆ ವಾಪಸ್ ಹೋದ್ರೆ ನ್ ಜಾಗಕ್ಕೆ ಮ್: ಹೋಮ್, ಫೋಮ್, ಕೋಮ್, ರೋಮ್. ಸ್ಟೋನ್ ಮತ್ತು ಹೋಮ್ ಹಾಡಲ್ಲಿ ಕೇಳಿದ್ರೆ ತಪ್ಪು ಅಂತ ಅನ್ಸೋದೇ ಇಲ್ಲ.

ಚ, ಜ ಮಾತ್ರ ಈ ಕಂಬದಲ್ಲಿ ಕೂರಲ್ಲ, ಪ್ರಾಸಕ್ಕೆ ಅವು ಊಷ್ಮ ಧ್ವನಿಗಳ ಕಡೆ ಹೋಗುತ್ತೆ. ಉಸಿರಿನ ಗುಂಪಲ್ಲಿ ಫ್, ಥ್, ಸ್, ಶ್, ಚ್. ನಡುಗೋ ಗುಂಪಲ್ಲಿ ವ್, ದ್, ಝ್, ಜ್. ಲ್ ಮತ್ತು ರ್ ಯಾವ ಗುಂಪಿಗೂ ಸೇರಲ್ಲ, ಅವು ಬಾಲದಲ್ಲಿದ್ರೆ ಈ ಮೊದಲ ದಾರಿ ಬಿಟ್ಟು ಮುಂದಿನದಕ್ಕೆ ಹೋಗಿ.

ಎರಡನೇ ದಾರಿ, ಜೋಡಿ ಧ್ವನಿ: ಟ್ ಬದಲು ಡ್, ಫ್ ಬದಲು ವ್, ಸ್ ಬದಲು ಝ್. ಲವ್‌ಗೆ ಪರ್ಫೆಕ್ಟ್ ರೈಮ್ ಕೈಬೆರಳೆಣಿಕೆಯಷ್ಟೇ ಇರೋದು, ಡವ್, ಅಬವ್, ಗ್ಲವ್, ಶವ್, ಎಲ್ಲಾ ಬಳಸಿ ಸವೆದು ಹೋಗಿವೆ. ವ್ ನ ಫ್ ಮಾಡಿದ ತಕ್ಷಣ ಇನಫ್, ರಫ್, ಟಫ್, ಸ್ಟಫ್ ಸಿಗುತ್ತೆ, ಲವ್ ಬಗ್ಗೆ ನಿಜವಾಗಿ ಏನಾದ್ರೂ ಹೇಳೋಕಾಗೋ ಪದಗಳು ಇವೇ. ಮೊದಲ ಹಂತದಲ್ಲಿ ಬೇರೆ ಮಾಡಿದ ಪ್ರೈಸ್, ಪ್ರೈಝ್ ಕುಟುಂಬಗಳೂ ಇಲ್ಲಿ ಮತ್ತೆ ಒಂದಾಗ್ಬಹುದು, ಗೊತ್ತಿದ್ದು ಮಾಡಿದ್ರೆ ಅದು ನಿಯರ್ ರೈಮ್. ಒಂದು ವಿಷಯ, ಇಂಗ್ಲಿಷಲ್ಲಿ ನಡುಗೋ ವ್ಯಂಜನದ ಹಿಂದಿನ ಸ್ವರ ಸ್ವಲ್ಪ ಉದ್ದ ಎಳೆಯುತ್ತೆ, ಅದಕ್ಕೇ ಇದು ಮೊದಲ ದಾರಿಗಿಂತ ಒಂಚೂರು ದೂರ ಕೇಳ್ಸೋದು.

ಮೂರನೇ ದಾರಿ, ವ್ಯಂಜನ ಸೇರಿಸೋದು ಅಥವಾ ಬಿಡೋದು. ಸ್ಟೋನ್ ಜೊತೆ ಡೋಂಟ್, ವೋಂಟ್. ಲೈನ್ ಜೊತೆ ಮೈಂಡ್, ಕೈಂಡ್. ಕ್ಲಾಸ್ ಜೊತೆ ಫಾಸ್ಟ್. ಕೊನೇಲಿ ಸೇರೋ ಟ್ ಡ್ ಹಾಡುವಾಗ ಅರ್ಧ ನುಂಗಿಹೋಗುತ್ತೆ, ಅದಕ್ಕೇ ಕಿವಿಗೆ ಅಷ್ಟಾಗಿ ಚುಚ್ಚಲ್ಲ.

ನಾಲ್ಕನೇದು, ಬರೀ ಸ್ವರ ಹೊಂದಿಸೋದು: ಸ್ಟೋನ್, ರೋಡ್, ಹೋಪ್, ಸೋಲ್. ರ‍್ಯಾಪಲ್ಲಿ ಇದೇ ಬೆನ್ನೆಲುಬು, ಆದ್ರೆ ಒಂದು ಸಲ ಬಂದ್ರೆ ಪ್ರಾಸ ಅಂತ ಗೊತ್ತಾಗಲ್ಲ, ಮೂರು ನಾಲ್ಕು ಸಲ ಅದೇ ಸ್ವರ ಬೀಳ್ಬೇಕು. ಐದನೇದು, ಸ್ವರ ಬದಲಾಗಿ ವ್ಯಂಜನ ಉಳಿಯೋದು: ಸ್ಟೋನ್ ಮತ್ತು ಸ್ಟೇನ್, ಹಿಲ್ ಮತ್ತು ಹೆಲ್. ಇದು ಕೇಳೋರಿಗೆ ಏನೋ ಸರಿಯಿಲ್ಲ ಅನ್ನೋ ಭಾವ ಕೊಡುತ್ತೆ, ನಿಮಗೆ ಆ ಭಾವನೇ ಬೇಕಿದ್ರೆ ಮಾತ್ರ ಬಳಸಿ.

## ಹಂತ 7: ಪರ್ಫೆಕ್ಟ್ ರೈಮೇ ಇಲ್ಲದ ಪದಗಳು

ಮಂತ್ ಅಂದ್ರೆ ತಿಂಗಳು, ಆರೆಂಜ್, ಸಿಲ್ವರ್, ಪರ್ಪಲ್. ಇವುಗಳಿಗೆ ದಿನನಿತ್ಯದ ಇಂಗ್ಲಿಷಲ್ಲಿ ಪರ್ಫೆಕ್ಟ್ ರೈಮ್ ಇಲ್ಲ. ಆರೆಂಜ್‌ಗೆ ವೇಲ್ಸಲ್ಲಿರೋ ಬ್ಲಾರೆಂಜ್ ಅನ್ನೋ ಬೆಟ್ಟದ ಹೆಸರು, ಸಿಲ್ವರ್‌ಗೆ ಹೆಣ್ಣು ಕುರಿಮರಿಗೆ ಹೇಳೋ ಚಿಲ್ವರ್ ಅನ್ನೋ ಹಳೇ ಪದ ತೋರಿಸ್ತಾರೆ, ಆದ್ರೆ ಅವನ್ನ ಸಾಲಲ್ಲಿ ಹಾಕಿದ್ರೆ ಓದೋರು ಪದ್ಯ ಬಿಟ್ಟು ಡಿಕ್ಷನರಿ ಹುಡುಕ್ಬೇಕಾಗುತ್ತೆ. ಇಂಥ ಪದಕ್ಕೆ ಗಂಟೆಗಟ್ಟಲೆ ಪರ್ಫೆಕ್ಟ್ ರೈಮ್ ಹುಡುಕೋದು ಬಿಟ್ಟು ಸೀದಾ ಕಂಬಕ್ಕೆ ಹೋಗಿ.

ಪರ್ಪಲ್ ನೋಡಿ: ಪ್ ಜಾಗಕ್ಕೆ ಟ್ ಹಾಕಿದ್ರೆ ಟರ್ಟಲ್, ಕ್ ಹಾಕಿದ್ರೆ ಸರ್ಕಲ್. ಪ, ಟ, ಕ, ಮೊದಲ ಕಂಬ ಪೂರ್ತಿ ಸಿಕ್ಕಿತು. ಸಿಲ್ವರ್‌ಗೆ ಲ್ ಬಿಟ್ಟರೆ ರಿವರ್, ಶಿವರ್, ಡೆಲಿವರ್. ಮಂತ್‌ಗೆ ಫ್ರಂಟ್, ಹಂಟ್, ಇಲ್ಲಾ ಸನ್, ಟಂಗ್. ಆರೆಂಜ್‌ಗೆ ಎರಡು ಪದ ಸೇರಿಸಿದ ಜೋಡಿ ಕೆಲಸ ಮಾಡುತ್ತೆ, ಬಾಗಿಲ ಕೀಲು ಅನ್ನೋ ಡೋರ್ ಹಿಂಜ್ ಅಮೆರಿಕನ್ ಬಾಯಲ್ಲಿ ಬೇಗ ಹೇಳಿದ್ರೆ ಸಾಕಷ್ಟು ಹತ್ತಿರ ಬರುತ್ತೆ. ಪೊಯೆಟ್‌ಗೆ ನೋ ಇಟ್ ಕೂಡ ಇದೇ ತರ ಎರಡು ಪದದ ಕಟ್ಟು.

ಇದ್ಯಾವುದೂ ಬೇಡ ಅಂದ್ರೆ ಪದನ್ನ ಸಾಲಿನ ಕೊನೆಯಿಂದ ಎತ್ತಿ ಮಧ್ಯಕ್ಕೆ ಹಾಕಿ. ಪ್ರಾಸದ ಭಾರ ಬೇರೆ ಪದದ ಮೇಲೆ ಬೀಳುತ್ತೆ. ಎಷ್ಟೋ ಸಲ ಇದೇ ಸರಿ ಉತ್ತರ, ಹಠ ಹಿಡಿಯೋದು ಬೇಡ.

## ಹಂತ 8: ಸಾಲಲ್ಲಿ ಇಟ್ಟು ಕಿವಿಯಿಂದ ಪರೀಕ್ಷೆ ಮಾಡಿ

ಎರಡೂ ಸಾಲು ರೆಕಾರ್ಡ್ ಮಾಡಿ, ಮಾಮೂಲಿ ಮಾತಾಡೋ ವೇಗದಲ್ಲಿ, ಪ್ರಾಸದ ಪದನ ಬೇಕಂತ ಒತ್ತಿ ಹೇಳ್ದೆ. ಅರ್ಧ ಗಂಟೆ ಬಿಟ್ಟು ಪೇಪರ್ ನೋಡ್ದೆ ಕೇಳಿ. ಸಾಧ್ಯ ಆದ್ರೆ ಬೇರೆಯವರಿಗೆ ಮೊದಲ ಸಾಲು ಪೂರ್ತಿ, ಎರಡನೇ ಸಾಲಲ್ಲಿ ಕೊನೇ ಪದ ಬಿಟ್ಟು ಕೇಳಿಸಿ. ಅವರು ನಿಮ್ಮ ಪದನೋ ಅದೇ ಬಾಲದ ಇನ್ನೊಂದು ಪದನೋ ತಾವಾಗೇ ತುಂಬಿದ್ರೆ ಪ್ರಾಸದ ದಾರಿ ಸರಿಯಾಗಿ ಹಾಕಿದೀರ. ಸುಮ್ನೆ ಮುಖ ನೋಡಿದ್ರೆ ಬಾಲ ಅವರ ಕಿವಿಗೆ ಬಿದ್ದಿಲ್ಲ, ಎರಡನೇ ಹಂತಕ್ಕೆ ವಾಪಸ್ ಹೋಗಿ ಒತ್ತು ನೋಡಿ.

ಹಾಡಿ ನೋಡುವಾಗ ಒತ್ತು ಸಹಜ ಜಾಗ ಬಿಟ್ಟು ಸರಿದ್ರೆ, ಅಂದ್ರೆ ಪ್ರಾಸಕ್ಕೋಸ್ಕರ ಈವನಿಂಗ್‌ನ ಕೊನೇ ಇಂಗ್ ಮೇಲೆ ಗುದ್ದಿ ಹೇಳ್ಬೇಕಾಗಿ ಬಂದ್ರೆ, ಅಲ್ಲೇ ನಿಲ್ಲಿಸಿ. ಪ್ರಾಸಕ್ಕೋಸ್ಕರ ವಾಕ್ಯದ ಪದಗಳನ್ನ ತಿರುಗಾಮುರುಗಾ ಮಾಡ್ಬೇಕಾಗಿ ಬಂದ್ರೂ ಅಷ್ಟೇ. ಪದದ ಅರ್ಥ ಗೊತ್ತಿಲ್ದೆ ಪಟ್ಟಿಯಿಂದ ಎತ್ತಿದ್ದೀನಿ ಅನ್ನಿಸಿದ್ರೆ ಆ ಪದನ ಒಂದು ಮಾಮೂಲಿ ಗದ್ಯ ವಾಕ್ಯದಲ್ಲಿ ಬಳಸಿ ನೋಡಿ, ಅಲ್ಲಿ ಕೂರದೇ ಇರೋದು ಪದ್ಯದಲ್ಲೂ ಕೂರಲ್ಲ.

ಜೋಡಿಯಲ್ಲಿ ಒಂದು ಪದ ಸಹಜ, ಇನ್ನೊಂದು ಸ್ವಲ್ಪ ಎಳೆದು ತಂದಿದ್ದು ಅಂತಾದ್ರೆ ಎಳೆದು ತಂದಿದ್ದನ್ನ ಮೊದಲ ಸಾಲಿಗೆ ಹಾಕಿ, ಸಹಜ ಪದನ ಎರಡನೇ ಸಾಲಿಗೆ ಬಿಡಿ. ಕ್ರೋನ್ ಮತ್ತು ಅಲೋನ್ ಜೋಡಿ ಇದ್ರೆ ಕ್ರೋನ್ ಮೇಲೆ, ಅಲೋನ್ ಕೆಳಗೆ. ಮೊದಲ ಸಾಲು ಕೇಳುವಾಗ ಪ್ರಾಸ ಬರುತ್ತೆ ಅಂತ ಯಾರಿಗೂ ಗೊತ್ತಿರಲ್ಲ, ಕ್ರೋನ್ ಬರೀ ಒಂದು ಪದವಾಗಿ ದಾಟಿಹೋಗುತ್ತೆ. ಕಿವಿ ಕಾಯೋದು ಎರಡನೇ ಸಾಲಲ್ಲಿ, ಆಗ ಅಲೋನ್ ತನ್ನ ಪಾಡಿಗೆ ತಾನು ಬಂದು ಕೂತ ಹಾಗೆ ಕೇಳ್ಸುತ್ತೆ. ಅದನ್ನೇ ತಿರುಗಿಸಿ ಇಟ್ಟು ಒಂದು ಸಲ ರೆಕಾರ್ಡ್ ಮಾಡಿ ಕೇಳಿ, ಕ್ರೋನ್ ಮೇಲೆ ಹೇಗೆ ಕಿವಿ ಎಡವುತ್ತೆ ಅಂತ ನಿಮಗೇ ಗೊತ್ತಾಗುತ್ತೆ.